ಹೆದರಿಸದೆ ಗೌರವ ಗಳಿಸಿದ ಸಂತ ಜೋಸೆಫ್ ವಾಜ್

ಕರಾವಳಿಯ ಕಥೋಲಿಕರಿಗೆ ಸಂತ ಜೋಸೆಫ್ ವಾಜ್ ಹೊಸಬರಲ್ಲ. ಮಂಗಳೂರಿನ ಸಮೀಪದ ಮುಡಿಪುವಿನಲ್ಲಿ ಅವರ ಪುಣ್ಯಕ್ಷೇತ್ರವಿದೆ. ಅವರ ಜೀವನವು ಭಯಕ್ಕೂ ಗೌರವಕ್ಕೂ ಇರುವ ಅಂತರವನ್ನು ನಮಗೆ ಚೆನ್ನಾಗಿ ತಿಳಿಸಿಕೊಡುತ್ತದೆ.

1651ರ ಎಪ್ರಿಲ್ 21ರಂದು ಗೋವಾದ ಬೆನಾವ್ಲಿಯಲ್ಲಿ ಜನಿಸಿದ ಅವರು 1676ರಲ್ಲಿ ಗುರುದೀಕ್ಷೆ ಪಡೆದರು. 1681ರಿಂದ 1684ರವರೆಗೆ ಕೆನರಾದಲ್ಲಿ ಸೇವೆ ಸಲ್ಲಿಸಿದರು. ಆಗ ಇಲ್ಲಿ ಪೋರ್ಚುಗೀಸರ ಪದ್ರೊವಾದೊ ಅಧಿಕಾರಕ್ಕೂ ರೋಮ್ ನೇರವಾಗಿ ನೇಮಿಸಿದ ಧರ್ಮಾಧ್ಯಕ್ಷರಿಗೂ ತಿಕ್ಕಾಟ ನಡೆದಿತ್ತು. ಯಾರ ಮಾತು ಕೇಳಬೇಕೆಂದು ತಿಳಿಯದೆ ಭಕ್ತರು ಕಂಗಾಲಾಗಿದ್ದರು. ವಂದನೀಯ ವಾಜ್ ಧರ್ಮಾಧ್ಯಕ್ಷರನ್ನು ಗೌರವದಿಂದಲೇ ಕಂಡು, ಶಾಂತಿಗಾಗಿ ದುಡಿದರು.

1687ರಲ್ಲಿ ಅವರು ಕೂಲಿಯಾಳಿನ ವೇಷದಲ್ಲಿ ಶ್ರೀಲಂಕಾದ ಜಾಫ್ನಾ ತಲುಪಿದರು. ಅಲ್ಲಿನ ಕರಾವಳಿ ಡಚ್ಚರ ವಶದಲ್ಲಿತ್ತು. ಕಥೋಲಿಕ ಗುರುಗಳಿಗೆ ಪ್ರವೇಶವಿರಲಿಲ್ಲ, ಅವರಿಗೆ ಆಶ್ರಯ ಕೊಟ್ಟವರಿಗೆ ಕಠಿಣ ಶಿಕ್ಷೆ ಕಾದಿತ್ತು. ಅನೇಕರು ಹೆದರಿ ಡಚ್ಚರ ಪ್ರಾರ್ಥನಾ ಮಂದಿರಕ್ಕೆ ಹೋಗುತ್ತಿದ್ದರು, ಆದರೆ ಮನೆಯೊಳಗೆ ಹಳೆಯ ವಿಶ್ವಾಸವನ್ನು ಕಾಪಾಡಿಕೊಂಡಿದ್ದರು. ವಾಜ್ ಅವರು ಕೊರಳಿಗೆ ಜಪಸರ ಹಾಕಿ ಮನೆ ಮನೆಗೆ ಭಿಕ್ಷೆಗೆ ಹೋದರು. ಜಪಸರ ಕಂಡಾಗ ಯಾರ ಮುಖ ಅರಳುತ್ತದೆಂದು ಗಮನಿಸಿ ಕಥೋಲಿಕರನ್ನು ಗುರುತಿಸಿದರು. ಅಲ್ಲಿಂದ ರಾತ್ರಿ ವೇಳೆ ಗುಟ್ಟಾಗಿ ಬಲಿಪೂಜೆಗಳು ಆರಂಭವಾದವು. ಆಳುವವರ ಭಯ ಜನರ ಕಾಲುಗಳನ್ನು ಮಾತ್ರ ನಡೆಸಿತ್ತು, ಅವರ ಮನಸ್ಸು ಈ ಬಡ ಗುರುವಿನ ಕಡೆಗೆ ಹರಿಯಿತು.

1692ರಲ್ಲಿ ಅವರು ಕ್ಯಾಂಡಿ ರಾಜ್ಯಕ್ಕೆ ಹೋದಾಗ ಪೋರ್ಚುಗೀಸರ ಗೂಢಚಾರರೆಂಬ ಚಾಡಿಮಾತು ಅರಮನೆಗೆ ತಲುಪಿತು. ಬೌದ್ಧ ದೊರೆ ಎರಡನೇ ವಿಮಲಧರ್ಮಸೂರ್ಯ ಅವರನ್ನು ಸೆರೆಯಲ್ಲಿಟ್ಟನು. ಅವರು ಪ್ರತಿಭಟಿಸಲಿಲ್ಲ, ಸೆರೆಯಲ್ಲೇ ಸಿಂಹಳ ಭಾಷೆ ಕಲಿತರು. ಅವರ ಸರಳ ನಡತೆ ಕಂಡು ಕಾವಲು ಕ್ರಮೇಣ ಸಡಿಲವಾಯಿತು.

1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹಬ್ಬಿತು. ಅನೇಕರು ನಗರ ಬಿಟ್ಟು ಓಡಿದರು. ರೋಗಿಗಳನ್ನು ಮನೆಯವರೇ ಕಾಡಿನಲ್ಲಿ ಬಿಟ್ಟು ಹೋಗುತ್ತಿದ್ದರು. ವಾಜ್ ಅವರು ಜೊತೆಗಾರ ಗುರು ಜೋಸೆಫ್ ಕರ್ವಾಲ್ಯೊ ಅವರೊಂದಿಗೆ ಅಲ್ಲೇ ಉಳಿದು ಗುಡಿಸಲು ಕಟ್ಟಿದರು, ಜಾತಿ ಧರ್ಮ ನೋಡದೆ ರೋಗಿಗಳ ಆರೈಕೆ ಮಾಡಿದರು, ಸತ್ತವರನ್ನು ಹೂಳಿದರು. ಒಮ್ಮೆ ಇವರನ್ನು ಶಂಕಿಸಿ ಬಂಧಿಸಿದ್ದ ದೊರೆಯೇ ಈಗ ಅವರಿಗೆ ಕೃತಜ್ಞನಾದನು. ತನ್ನ ರಾಜ್ಯದಲ್ಲಿ ಸೇವೆ ಮಾಡಲು ಅವರಿಗೆ ಸ್ವಾತಂತ್ರ್ಯ ನೀಡಿದನು.

1711ರ ಜನವರಿ 16ರಂದು ಅವರು ಕ್ಯಾಂಡಿಯಲ್ಲೇ ಪ್ರಭುವಿನಲ್ಲಿ ನಿದ್ರಿಸಿದರು. 1995ರಲ್ಲಿ ಪೋಪ್ ದ್ವಿತೀಯ ಜಾನ್ ಪಾವ್ಲ್ ಅವರನ್ನು ಪುನೀತರೆಂದೂ, 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಸಂತರೆಂದೂ ಕೊಲಂಬೊದಲ್ಲಿ ಘೋಷಿಸಿದರು.

ಮನೆಯಲ್ಲಿ ತಂದೆತಾಯಿ, ಶಾಲೆಯಲ್ಲಿ ಶಿಕ್ಷಕರು, ವಾಳೆಯಲ್ಲಿ ಗುರಿಕಾರರು, ಚರ್ಚ್ ಪಾಲನಾ ಮಂಡಳಿಯ ಸದಸ್ಯರು, ಹೀಗೆ ನಮ್ಮೆಲ್ಲರ ಕೈಯಲ್ಲೂ ಒಂದಿಷ್ಟು ಅಧಿಕಾರವಿದೆ. ಗದರಿಸಿದರೆ ಜನ ನಮ್ಮೆದುರು ಸುಮ್ಮನಾಗಬಹುದು. ಆದರೆ ಕಷ್ಟ ಬಂದಾಗ ಅವರು ನೆನೆಯುವುದು ತಮ್ಮ ಬಳಿ ಉಳಿದವರನ್ನು. ಸಂತ ಜೋಸೆಫ್ ವಾಜರ ಹಬ್ಬ ಪ್ರತಿ ವರ್ಷ ಜನವರಿ 16ರಂದು ಬರುತ್ತದೆ. ನಮ್ಮ ಧರ್ಮಕೇಂದ್ರದಲ್ಲಿ ಜನ ನಮಗೆ ಹೆದರುತ್ತಾರೋ, ನಮ್ಮನ್ನು ಗೌರವಿಸುತ್ತಾರೋ ಎಂದು ಕೇಳಿಕೊಳ್ಳಲು ಅದು ಒಳ್ಳೆಯ ದಿನ.