ದಿವಾನರ ಬಾಗಿಲು, ನಮ್ಮಪ್ಪನ ಚೀಟಿ

ಗಳಗನಾಥದ ನಮ್ಮ ಮನೆಯ ಟ್ರಂಕಿನಲ್ಲಿ ಒಂದು ಹಳೇ ಚೀಟಿ ಇದೆ. ನನಗೊಂದು ಸರ್ಕಾರಿ ನೌಕರಿ ಸಿಗಲಿ ಅಂತ ಅಪ್ಪ ಹಾವೇರಿಗೆ ಅಲೆದಲೆದು ರಾಜಕಾರಣಿಯೊಬ್ಬರಿಂದ ಬರೆಸಿಕೊಂಡು ಬಂದದ್ದು. ನೌಕರಿಯೇನೂ ಸಿಗಲಿಲ್ಲ. ವಶೀಲಿಯ ಮಾತು ಬಂದಾಗೆಲ್ಲ ನನಗೆ ಆ ಚೀಟಿ ನೆನಪಾಗುತ್ತದೆ, ಜೊತೆಗೆ ಸರ್ ಎಂ. ವಿಶ್ವೇಶ್ವರಯ್ಯ.

ಮುದ್ದೇನಹಳ್ಳಿಯಲ್ಲಿ ಹುಟ್ಟಿ, ಮಕ್ಕಳಿಗೆ ಪಾಠ ಹೇಳಿಕೊಡುತ್ತಲೇ ಓದಿದವರು ಅವರು. ಪುಣೆಯಲ್ಲಿ ಇಂಜಿನಿಯರಿಂಗ್ ಮುಗಿಸಿ 1884ರಲ್ಲಿ ಮುಂಬೈ ಸರ್ಕಾರದ ಕೆಲಸಕ್ಕೆ ಸೇರಿದರು. ನಮ್ಮ ಸೀಮೆಯೂ ಆಗ ಮುಂಬೈ ಪ್ರಾಂತ್ಯದಲ್ಲೇ ಇತ್ತು. 1909ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರ್, 1912ರಲ್ಲಿ ದಿವಾನ. ಆ ಹುದ್ದೆ ಒಪ್ಪುವ ಮೊದಲು ಬಂಧುಗಳನ್ನು ಊಟಕ್ಕೆ ಕರೆದು, ಯಾರೂ ಶಿಫಾರಸು ಕೇಳಿ ಬರಬಾರದೆಂದು ಮಾತು ಪಡೆದರು ಎಂಬ ಕತೆ ಎಲ್ಲರಿಗೂ ಗೊತ್ತು. 1955ರಲ್ಲಿ ಭಾರತರತ್ನದ ಸುದ್ದಿ ಬಂದಾಗ, ಅದಕ್ಕಾಗಿ ಸರ್ಕಾರವನ್ನು ಹೊಗಳುವವನು ನಾನಲ್ಲ ಅಂತ ನೆಹರೂಗೇ ಪತ್ರ ಬರೆದರಂತೆ.

ಆದರೆ ಇಲ್ಲಿಗೇ ನಿಲ್ಲಿಸಿದರೆ ಅರ್ಧ ಕತೆಯಾದೀತು. ಮೈಸೂರಿನ ದೊಡ್ಡ ಹುದ್ದೆಗಳಲ್ಲಿ ಆಗ ಬ್ರಾಹ್ಮಣರೇ ಹೆಚ್ಚು. 1917ರಲ್ಲಿ ಹುಟ್ಟಿದ ಪ್ರಜಾಮಿತ್ರ ಮಂಡಳಿ ಉಳಿದವರಿಗೂ ಪಾಲು ಕೇಳಿತು. ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ದಿವಾನರು ಒಪ್ಪಲಿಲ್ಲ. ಜಾತಿ ನೋಡಿ ನೇಮಿಸಿದರೆ ಆಡಳಿತದ ದಕ್ಷತೆ ಕುಸಿಯುತ್ತದೆ, ಎಲ್ಲರಿಗೂ ವಿದ್ಯೆ ಕೊಡೋಣ ಎಂಬುದು ಅವರ ನಿಲುವು. ಅದು ಬರೀ ನೆಪವಲ್ಲ. ಕಡ್ಡಾಯ ಶಿಕ್ಷಣದ ಕಾನೂನು, ಮೈಸೂರು ವಿಶ್ವವಿದ್ಯಾಲಯ ಎರಡೂ ಅವರ ಕಾಲದವೇ. ಆದರೂ ಆ ವರ್ಷದ ಕೊನೆಗೆ ಹುದ್ದೆ ಬಿಟ್ಟು ಹೊರಟರು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರನೇ ಎರಡು ಪಾಲು ಬ್ರಾಹ್ಮಣೇತರರಿಗೆ ಸಿಗಬೇಕೆಂದು 1919ರಲ್ಲಿ ಸಮಿತಿ ಹೇಳಿತು.

ತನ್ನವರಿಗೆ ಬಾಗಿಲು ಹಾಕಿದ್ದು ದೊಡ್ಡ ಗುಣವೇ, ಅನುಮಾನ ಬೇಡ. ಆದರೆ ಓದು, ಪರಿಚಯ, ಮನೆತನ ಇದ್ದವರಿಗೆ ಚೀಟಿ ಯಾಕೆ ಬೇಕು? ಅವರು ಆಗಲೇ ಒಳಗಿದ್ದರು. ಹೊರಗೆ ನಿಂತವರು ಕೇಳಿದ್ದು ದಯೆಯನ್ನಲ್ಲ, ನಿಯಮವನ್ನು. ಅದು ಆ ಪ್ರಾಮಾಣಿಕ ಮನುಷ್ಯನಿಗೆ ಕಾಣಲಿಲ್ಲ ಅನ್ನೋದೇ ನನ್ನ ತಕರಾರು.

ಅದೇ ಪ್ರಶ್ನೆಯನ್ನು 1972ರಲ್ಲಿ ದೇವರಾಜ ಅರಸು ನಮ್ಮ ರಾಣೆಬೆನ್ನೂರು ಕಡೆಯ ಎಲ್.ಜಿ. ಹಾವನೂರರ ಕೈಗೆ ಕೊಟ್ಟರು. 1975ರಲ್ಲಿ ವರದಿ ಬಂತು. ಮುಂದೆ ನನ್ನ ತಂಗಿ ಪರೀಕ್ಷೆ ಬರೆದು, ಮೀಸಲಾತಿಯ ಪಟ್ಟಿಯಲ್ಲಿ ಮೇಷ್ಟ್ರ ಕೆಲಸಕ್ಕೆ ಸೇರಿದಳು. ಅವಳಿಗಾಗಿ ಅಪ್ಪ ಹಾವೇರಿಗೆ ಹೋಗಲಿಲ್ಲ.