ಪೆಟ್ರೋಲ್‌ಗೆ ಬೆನ್ನು ತಟ್ಟಿ, ಬ್ಯಾಟರಿಗೆ ಬೆವರು ಸುರಿಸಿದ ಎಡಿಸನ್

ಥಾಮಸ್ ಆಲ್ವಾ ಎಡಿಸನ್ ಎಂದೊಡನೆ ನೆನಪಾಗುವುದು ವಿದ್ಯುತ್ ದೀಪ. ಆದರೆ ಐವತ್ತು ದಾಟಿದ ಮೇಲಿನ ಹತ್ತು ವರ್ಷಗಳ ಶ್ರಮವನ್ನು ಅವರು ಧಾರೆಯೆರೆದದ್ದು ದೀಪಕ್ಕಲ್ಲ, ಕಾರಿನ ಬ್ಯಾಟರಿಗೆ. ಒಮ್ಮೆ ಚಾರ್ಜ್ ಮಾಡಿದರೆ ಎಷ್ಟು ದೂರ ಓಡುತ್ತದೆ, ಎಷ್ಟು ಹೊತ್ತು ಕಾಯಬೇಕು, ಬ್ಯಾಟರಿ ಎಷ್ಟು ವರ್ಷ ಬಾಳುತ್ತದೆ? ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ ಇಂದು ಕಾರು ಕೊಳ್ಳಲು ಹೊರಟವರ ಮುಂದಿರುವ ಈ ಪ್ರಶ್ನೆಗಳು ಶತಮಾನದ ಹಿಂದೆ ಎಡಿಸನ್ ಅವರ ನಿದ್ದೆಗೆಡಿಸಿದ್ದವು.

1847ರ ಫೆಬ್ರುವರಿ 11ರಂದು ಅಮೆರಿಕದ ಒಹಾಯೊ ರಾಜ್ಯದ ಮಿಲಾನ್ ಎಂಬ ಊರಿನಲ್ಲಿ ಜನಿಸಿದ ಎಡಿಸನ್ ಶಾಲೆಯ ಮೆಟ್ಟಿಲು ಹತ್ತಿದ್ದು ಅಲ್ಪಕಾಲ ಮಾತ್ರ. ತಾಯಿಯೇ ಗುರುವಾದರು. ರೈಲಿನಲ್ಲಿ ಪತ್ರಿಕೆ ಮಾರಿದ ಬಾಲಕ ಮುಂದೆ ಟೆಲಿಗ್ರಾಫ್ ಕೆಲಸ ಕಲಿತ. 1877ರಲ್ಲಿ ಫೋನೋಗ್ರಾಫ್, 1879ರಲ್ಲಿ ವಿದ್ಯುತ್ ದೀಪ, 1882ರಲ್ಲಿ ನ್ಯೂಯಾರ್ಕ್‌ನ ಪರ್ಲ್ ಸ್ಟ್ರೀಟ್ ವಿದ್ಯುದಾಗಾರ. ಇವೆಲ್ಲ ಪಠ್ಯಪುಸ್ತಕದ ಸಂಗತಿಗಳು. ಅಂದ ಹಾಗೆ, 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಸಿದ ಯೋಜನೆಗೆ ಯಂತ್ರ ಪೂರೈಸಿದ ಜನರಲ್ ಎಲೆಕ್ಟ್ರಿಕ್ ಕಂಪನಿ ಹುಟ್ಟಿದ್ದು, 1892ರಲ್ಲಿ ಎಡಿಸನ್ ಹೆಸರಿನ ಕಂಪನಿ ಮತ್ತೊಂದರೊಡನೆ ವಿಲೀನಗೊಂಡಾಗ. ಆ ತಂತಿಯಲ್ಲಿ ಹರಿದದ್ದು ಮಾತ್ರ ಅವರು ಹಟತೊಟ್ಟು ವಿರೋಧಿಸಿದ್ದ ಪರ್ಯಾಯ ವಿದ್ಯುತ್!

ಕಾರಿನ ಕಥೆ ಆರಂಭವಾಗುವುದು 1896ರ ಆಗಸ್ಟ್‌ನಲ್ಲಿ. ಎಡಿಸನ್ ವಿದ್ಯುತ್ ಕಂಪನಿಗಳ ಸಮಾವೇಶದ ಭೋಜನಕೂಟದಲ್ಲಿ ಡೆಟ್ರಾಯಿಟ್ ಶಾಖೆಯ ಯುವ ಎಂಜಿನಿಯರ್ ಒಬ್ಬರನ್ನು ಅವರಿಗೆ ಪರಿಚಯಿಸಲಾಯಿತು. ಆತ ಎರಡು ತಿಂಗಳ ಹಿಂದಷ್ಟೇ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಪೆಟ್ರೋಲ್ ಬಂಡಿ ಕಟ್ಟಿ ಬೀದಿಗಿಳಿಸಿದ್ದರು. ಹೆಸರು ಹೆನ್ರಿ ಫೋರ್ಡ್. ವಿವರವನ್ನೆಲ್ಲ ಕೇಳಿಸಿಕೊಂಡ ಎಡಿಸನ್, ಇದನ್ನು ಬಿಡಬೇಡ ಎಂದು ಹುರಿದುಂಬಿಸಿದರು. ವಿದ್ಯುತ್ ಬಂಡಿ ವಿದ್ಯುದಾಗಾರದ ಸುತ್ತಲೇ ಗಿರಕಿ ಹೊಡೆಯಬೇಕು, ಬ್ಯಾಟರಿ ವಿಪರೀತ ಭಾರ. ಪೆಟ್ರೋಲ್ ಬಂಡಿಯಾದರೋ ತನ್ನ ಬುತ್ತಿಯನ್ನು ತಾನೇ ಹೊತ್ತು ಸಾಗುತ್ತದೆ ಎಂಬುದು ಅವರ ಮಾತಿನ ತಾತ್ಪರ್ಯ. ವಿದ್ಯುತ್ತಿನ ಮಾಂತ್ರಿಕನೇ ಪೆಟ್ರೋಲ್ ಕಾರಿಗೆ ಆಶೀರ್ವದಿಸಿದಂತಾಯಿತು.

ಹಾಗಿದ್ದೂ ಮೂರೇ ವರ್ಷಗಳಲ್ಲಿ ಅವರು ಬ್ಯಾಟರಿಯ ಹಿಂದೆ ಬಿದ್ದರು. ಕಾರಣವಿತ್ತು. 1900ರ ಸುಮಾರಿಗೆ ಅಮೆರಿಕದಲ್ಲಿ ತಯಾರಾಗುತ್ತಿದ್ದ ಕಾರುಗಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ವಿದ್ಯುತ್ತಿನವು. ಪೆಟ್ರೋಲಿನವು ನಾಲ್ಕನೇ ಒಂದು ಭಾಗವೂ ಇರಲಿಲ್ಲ. ಉಳಿದವು ಉಗಿಬಂಡಿಗಳು. ವಿದ್ಯುತ್ ಕಾರಿಗೆ ಹೊಗೆಯಿಲ್ಲ, ಗದ್ದಲವಿಲ್ಲ, ಗೇರಿನ ಗೋಜಿಲ್ಲ. ಪೆಟ್ರೋಲ್ ಕಾರನ್ನು ಎಬ್ಬಿಸಲು ಕೈಯಿಂದ ಹ್ಯಾಂಡಲ್ ತಿರುಗಿಸಬೇಕಿತ್ತು. ಅದು ಹಿಂದಕ್ಕೆ ಒದ್ದರೆ ಕೈ ಮುರಿಯುವುದೂ ಇತ್ತು. ಕೊರತೆಯಿದ್ದುದು ಒಂದೇ: ಹಗುರವಾದ, ಗಟ್ಟಿಯಾದ ಬ್ಯಾಟರಿ.

ಸೀಸ ಮತ್ತು ಆಮ್ಲದ ಹಳೆಯ ಬ್ಯಾಟರಿಯನ್ನು ಬದಿಗಿಟ್ಟ ಎಡಿಸನ್, ನಿಕ್ಕಲ್, ಕಬ್ಬಿಣ ಹಾಗೂ ಕ್ಷಾರದ್ರಾವಣದ ಮೊರೆಹೋದರು. ಸಾವಿರಾರು ಪ್ರಯೋಗಗಳು ನಡೆದವು. ಬ್ಯಾಟರಿ ಹೊತ್ತ ಬಂಡಿಗಳನ್ನು ಹದಗೆಟ್ಟ ಹಳ್ಳಿ ರಸ್ತೆಗಳಲ್ಲಿ ಓಡಿಸಿ, ಕುಲುಕಿಸಿ ಪರೀಕ್ಷಿಸಲಾಯಿತು. ಅಬ್ಬರದ ಪ್ರಚಾರದೊಂದಿಗೆ ಮಾರುಕಟ್ಟೆಗೆ ಬಂದ ಮೊದಲ ಬ್ಯಾಟರಿಗಳು ಸೋರತೊಡಗಿದವು, ಶಕ್ತಿ ಕುಂದಿತು. 1904ರಲ್ಲಿ ಎಡಿಸನ್ ತಯಾರಿಕೆಯನ್ನೇ ನಿಲ್ಲಿಸಿ ಮತ್ತೆ ಮೊದಲಿನಿಂದ ಆರಂಭಿಸಿದರು. ಮಾರಿದ ಸರಕಿನ ದೋಷವನ್ನು ಒಪ್ಪಿ ಅಂಗಡಿ ಮುಚ್ಚುವ ಉದ್ಯಮಿಗಳು ಆಗಲೂ ವಿರಳ. ಸುಧಾರಿತ ಬ್ಯಾಟರಿ ಸಿದ್ಧವಾದದ್ದು 1909ರಲ್ಲಿ.

ಡೆಟ್ರಾಯಿಟ್ ಎಲೆಕ್ಟ್ರಿಕ್ ಎಂಬ ಕಾರು ಈ ಬ್ಯಾಟರಿಯನ್ನು ಹೊತ್ತು ಪರೀಕ್ಷೆಯೊಂದರಲ್ಲಿ ಒಂದೇ ಚಾರ್ಜ್‌ನಲ್ಲಿ 340 ಕಿ.ಮೀ. ಓಡಿತು. ನಿತ್ಯದ ಬಳಕೆಯಲ್ಲಿ ಅದರ ಓಟ ಸುಮಾರು 130 ಕಿ.ಮೀ., ವೇಗ ಗಂಟೆಗೆ 32 ಕಿ.ಮೀ. ಅಷ್ಟರಲ್ಲಿ ಕಾಲ ಮೀರಿತ್ತು. 1908ರಲ್ಲಿ ಬಂದ ಫೋರ್ಡ್ ಅವರ ಮಾಡೆಲ್ ಟಿ ಅಗ್ಗವಾಗುತ್ತಲೇ ಹೋಯಿತು. ಟೆಕ್ಸಾಸ್‌ನಲ್ಲಿ ಎಣ್ಣೆ ಬುಗ್ಗೆಯಾಗಿ ಚಿಮ್ಮಿತ್ತು. ಹಳ್ಳಿಗಾಡಿನಲ್ಲಿ ವಿದ್ಯುತ್ ತಂತಿಯೇ ಇರಲಿಲ್ಲ, ಡಬ್ಬದಲ್ಲಿ ತುಂಬಿಟ್ಟ ಪೆಟ್ರೋಲ್ ಎಲ್ಲೆಡೆ ಸಿಗುತ್ತಿತ್ತು. 1912ರಲ್ಲಿ ಕ್ಯಾಡಿಲಾಕ್ ಕಾರಿಗೆ ಸೆಲ್ಫ್ ಸ್ಟಾರ್ಟರ್ ಬಂದ ಮೇಲೆ ಕೈ ಮುರಿಯುವ ಭಯವೂ ತೊಲಗಿತು. ಪೆಟ್ರೋಲ್ ಕಾರನ್ನು ಗೆಲ್ಲಿಸಿದ ಆ ಸ್ಟಾರ್ಟರ್ ಸ್ವತಃ ಒಂದು ವಿದ್ಯುತ್ ಮೋಟಾರು ಎಂಬುದು ವಿಪರ್ಯಾಸ. 1914ರಲ್ಲಿ ಫೋರ್ಡ್ ಮತ್ತು ಎಡಿಸನ್ ಕೂಡಿ ಅಗ್ಗದ ವಿದ್ಯುತ್ ಕಾರು ತರುವ ಸುದ್ದಿ ಪತ್ರಿಕೆಗಳಲ್ಲಿ ರಾರಾಜಿಸಿತು. ಆದರೆ ಚಳಿಯಲ್ಲಿ ಸೊರಗುವ, ಒಮ್ಮೆಲೇ ಹೆಚ್ಚು ಶಕ್ತಿ ಕೊಡಲಾರದ ಎಡಿಸನ್ ಬ್ಯಾಟರಿಯಿಂದ ಅದು ಈಡೇರಲಿಲ್ಲ. ಫೋರ್ಡ್ ಅವರ ಪತ್ನಿ ಕ್ಲಾರಾ ಮಾತ್ರ ಡೆಟ್ರಾಯಿಟ್ ಎಲೆಕ್ಟ್ರಿಕ್‌ನಲ್ಲಿಯೇ ಓಡಾಡುತ್ತಿದ್ದರು.

ಎಡಿಸನ್ ಸೋತ ಅಂಶಗಳನ್ನು ಇಂದಿನ ವಿಜಯಪುರ ಜಿಲ್ಲೆಯ ರಸ್ತೆಗಳಿಗೆ ಹೊಂದಿಸಿ ನೋಡುವುದು ಕುತೂಹಲಕರ. ಜಿಲ್ಲಾ ಕೇಂದ್ರದಿಂದ ಬಸವನ ಬಾಗೇವಾಡಿಗೆ ಸುಮಾರು 45 ಕಿ.ಮೀ., ಇಂಡಿಗೆ 55, ಸಿಂದಗಿಗೆ 60, ಮುದ್ದೇಬಿಹಾಳಕ್ಕೆ 80. ಅಂದಿನ ಡೆಟ್ರಾಯಿಟ್ ಎಲೆಕ್ಟ್ರಿಕ್ ಕೂಡ ಮುದ್ದೇಬಿಹಾಳವೊಂದನ್ನು ಬಿಟ್ಟು ಉಳಿದ ಮೂರೂ ಊರಿಗೆ ಹೋಗಿಬರಬಲ್ಲದಾಗಿತ್ತು, ಸಿಂದಗಿ ತಲುಪಲು ಎರಡು ತಾಸು ಹಿಡಿಯುತ್ತಿತ್ತು ಅಷ್ಟೆ. 2001ರಲ್ಲಿ ಬೆಂಗಳೂರಿನಿಂದ ಹೊರಬಂದ ರೇವಾ ಕಾರಿನ ಓಟ 80 ಕಿ.ಮೀ. ಆಸುಪಾಸಿನಲ್ಲಿತ್ತು. 30 ಯೂನಿಟ್ ಬ್ಯಾಟರಿಯ ಇಂದಿನ ಕಾರು ರಸ್ತೆಯ ಮೇಲೆ ಸುಮಾರು 200 ಕಿ.ಮೀ. ಓಡುತ್ತದೆ, ಮುದ್ದೇಬಿಹಾಳವೂ ದೂರವಲ್ಲ. ಯೂನಿಟ್‌ಗೆ 7 ರೂಪಾಯಿ ಎಂದು ಹಿಡಿದರೂ ಕಿ.ಮೀ.ಗೆ ತಗಲುವುದು ಒಂದು ರೂಪಾಯಿಗಿಂತ ತುಸು ಹೆಚ್ಚು. ಲೀಟರ್‌ಗೆ 16 ಕಿ.ಮೀ. ಕೊಡುವ ಪೆಟ್ರೋಲ್ ಕಾರಿಗೆ, ದರ 100 ರೂಪಾಯಿ ಎಂದಿಟ್ಟುಕೊಂಡರೆ, ಆರು ರೂಪಾಯಿಗೂ ಮಿಗಿಲು. ವಿದ್ಯುದಾಗಾರದ ಸುತ್ತ ಗಿರಕಿ ಹೊಡೆಯುವ ಮಾತಂತೂ ಇಲ್ಲಿ ಸಲ್ಲದು. ಆಲಮಟ್ಟಿಯ 290 ಮೆಗಾವಾಟ್ ಜಲವಿದ್ಯುತ್, ಕೂಡಗಿಯ 2,400 ಮೆಗಾವಾಟ್ ಉಷ್ಣವಿದ್ಯುತ್ ಎರಡೂ ಈ ಸೀಮೆಯಲ್ಲೇ ಹುಟ್ಟುತ್ತವೆ. ಕೂಡಗಿಯಲ್ಲಿ ಉರಿಯುವುದು ಕಲ್ಲಿದ್ದಲು. ಹೊಗೆ ಕಾರಿನಿಂದ ಚಿಮಣಿಗೆ ಸ್ಥಳಾಂತರಗೊಳ್ಳುತ್ತದೆ ಎಂಬುದನ್ನೂ ಮರೆಯುವಂತಿಲ್ಲ.

ಉಳಿದ ಕೊರತೆಗಳು ಹಳೆಯವೇ. ಮನೆಯ ಪ್ಲಗ್‌ನಲ್ಲಿ ಚಾರ್ಜ್ ತುಂಬಲು ಇಡೀ ರಾತ್ರಿ ಬೇಕು, ಅದೇ ರಾತ್ರಿ ವಿದ್ಯುತ್ ಕೈಕೊಟ್ಟರೆ ಬೆಳಗಿನ ಪಯಣ ಕೆಡುತ್ತದೆ. ಎಡಿಸನ್ ಬ್ಯಾಟರಿಗೆ ಚಳಿ ವೈರಿಯಾದರೆ, ಇಂದಿನ ಲಿಥಿಯಂ ಬ್ಯಾಟರಿಯ ಆಯಸ್ಸನ್ನು ತಿನ್ನುವುದು 40 ಡಿಗ್ರಿ ದಾಟುವ ಇಲ್ಲಿನ ಬೇಸಿಗೆ. ಕೊಳ್ಳುವ ಬೆಲೆಯೂ ಹೆಚ್ಚು. ದಿನವೂ ತಾಲ್ಲೂಕಿನಿಂದ ವಿಜಯಪುರಕ್ಕೆ ಓಡಾಡುವವರಿಗೆ ಆ ಹಣ ಮರಳಿ ಬರುತ್ತದೆ. ತಿಂಗಳಿಗೊಮ್ಮೆ ಐನೂರು ಕಿ.ಮೀ. ದಾಟಿ ಬೆಂಗಳೂರಿಗೆ ಹೋಗಿ, ಉಳಿದ ದಿನ ಕಾರನ್ನು ನೆರಳಿನಲ್ಲಿ ನಿಲ್ಲಿಸುವವರಿಗೆ ಪೆಟ್ರೋಲೇ ಲೇಸು.

ಎಡಿಸನ್ ಬ್ಯಾಟರಿ ಕಾರಿನಿಂದ ಇಳಿದರೂ ಕೆಲಸ ಕಳೆದುಕೊಳ್ಳಲಿಲ್ಲ. ಗಣಿ ಕಾರ್ಮಿಕರ ದೀಪ, ರೈಲ್ವೆ ಸಿಗ್ನಲ್, ಸರಕು ಸಾಗಿಸುವ ವ್ಯಾನ್‌ಗಳಿಗೆ ಒಗ್ಗಿ, ಅವರಿಗೆ ಅತಿ ಹೆಚ್ಚು ಲಾಭ ತಂದ ಉತ್ಪನ್ನಗಳಲ್ಲೊಂದಾಯಿತು. ಫೋರ್ಡ್ ಜತೆಗಿನ ಸ್ನೇಹಕ್ಕೂ ಭಂಗ ಬರಲಿಲ್ಲ. ಟೈರ್ ಉದ್ಯಮಿ ಫೈರ್‌ಸ್ಟೋನ್ ಅವರನ್ನೂ ಸೇರಿಸಿಕೊಂಡು ಇಬ್ಬರೂ ವರ್ಷಗಳ ಕಾಲ ಬೇಸಿಗೆ ಪ್ರವಾಸ ಹೊರಡುತ್ತಿದ್ದರು, ಅದೂ ಪೆಟ್ರೋಲ್ ಕಾರುಗಳ ಸಾಲಿನಲ್ಲಿ. 1927ರಿಂದ ಎಡಿಸನ್ ಕೈಗೆತ್ತಿಕೊಂಡ ಕೊನೆಯ ಸಂಶೋಧನೆ, ಅಮೆರಿಕದ ನೆಲದಲ್ಲಿ ಬೆಳೆಯುವ ಗಿಡದಿಂದ ರಬ್ಬರ್ ತೆಗೆಯುವುದು. ಅದು ಮುಗಿಯುವ ಮುನ್ನವೇ, 1931ರ ಅಕ್ಟೋಬರ್ 18ರಂದು ನ್ಯೂಜೆರ್ಸಿಯ ವೆಸ್ಟ್ ಆರೆಂಜ್‌ನಲ್ಲಿ 84ನೇ ವಯಸ್ಸಿನಲ್ಲಿ ನಿಧನರಾದರು. ಅವರ ನಿಕ್ಕಲ್-ಕಬ್ಬಿಣದ ಬ್ಯಾಟರಿ ತಯಾರಿಕೆ ಆನಂತರವೂ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಅಮೆರಿಕದಲ್ಲಿ ಮುಂದುವರಿದು, 1970ರ ದಶಕದಲ್ಲಿ ನಿಂತಿತು.