ವೀಣೆ ಹಿಡಿದ ಚಿತ್ರಗಾರ

ಭರತ ಹುಣ್ಣಿಮೆಗೆ ನಮ್ಮ ಉಚ್ಚಂಗಿದುರ್ಗದಲ್ಲಿ ಜಾತ್ರೆ. ಬೆಟ್ಟ ಹತ್ತಿ ಉಚ್ಚಂಗೆಮ್ಮನ ದರ್ಶನ ಮಾಡ್ಕೊಂಡು ಇಳಿದರೆ ಕೆಳಗೆ ಅಂಗಡಿ ಸಾಲು: ಬಳೆ, ಮಂಡಕ್ಕಿ, ಮಿರ್ಚಿ, ಅದರ ಪಕ್ಕ ಕಟ್ಟು ಹಾಕಿಸಿದ ದೇವರ ಫೋಟೊಗಳು. ಸಣ್ಣವನಿದ್ದಾಗ ಒಂದು ಸಲ ರಾಮ ಪಟ್ಟಾಭಿಷೇಕದ ಫೋಟೊ ಹಿಡಿದು ಇದನ್ನ ಬರೆದೋರು ಯಾರು ಅಂತ ಅಂಗಡಿಯವನನ್ನ ಕೇಳಿದ್ದೆ. ಅವನು ನಕ್ಕು, ಅದು ಪ್ರಿಂಟು ತಮ್ಮಾ ಅಂದಿದ್ದ. ಅಲ್ಲಿಗೆ ಮಾತು ಮುಗೀತು. ಚಿತ್ರ ನೋಡ್ತೀವಿ, ಕೈ ಮುಗೀತೀವಿ, ಬರೆದವನ ಹೆಸರು ಮಾತ್ರ ಯಾರಿಗೂ ಬೇಕಾಗಿಲ್ಲ. ಪುಸ್ತಕದೊಳಗಿನ ಚಿತ್ರಗಳ ಕಥೆಯೂ ಹೆಚ್ಚೂಕಮ್ಮಿ ಇದೇ. ಲೇಖಕನ ಹೆಸರು ರಕ್ಷಾಪುಟದ ಮೇಲೆ ದಪ್ಪಕ್ಷರದಲ್ಲಿ, ಚಿತ್ರ ಬರೆದವನದು ಎಲ್ಲೋ ಒಳಗೆ ಇರುವೆಯಂಥ ಅಕ್ಷರದಲ್ಲಿ.

ಆ ಇರುವೆಯಂಥ ಅಕ್ಷರಗಳಲ್ಲಿ ನನಗೆ ಸಿಕ್ಕ ಹೆಸರು ಕೆ. ವೆಂಕಟಪ್ಪ. ಅವರು ಹುಟ್ಟಿದ್ದು 1886ರಲ್ಲಿ, ಮೈಸೂರಿನಲ್ಲಿ. ತಂದೆ ದುರ್ಗದ ಕೃಷ್ಣಪ್ಪ. ಈ ಹೆಸರು ಓದಿದಾಗ ನಮ್ಮ ದುರ್ಗದವರೇ ಇರಬೇಕು ಅಂತ ಒಂದು ಕ್ಷಣ ಎದೆಯುಬ್ಬಿತ್ತು, ಸುಳ್ಳು ಹೇಳಲ್ಲ. ಆದರೆ ಕೃಷ್ಣಪ್ಪನವರು ಮೈಸೂರು ಅರಮನೆಯ ಚಿತ್ರಗಾರರು. ಚಿತ್ರ ಬರೆಯೋದು ಆ ಮನೆತನದ ಕಸುಬು. ಮಗನಿಗೂ ಕುಂಚ ಹಿಡಿಯೋದು ಅಆಇಈ ಜೊತೆಗೇ ಬಂದಿರಬೇಕು.

ಹುಡುಗನ ಕೈಚಳಕ ನಾಲ್ವಡಿ ಕೃಷ್ಣರಾಜ ಒಡೆಯರ ಕಣ್ಣಿಗೆ ಬಿತ್ತು. ಅವರ ನೆರವಿನಿಂದ 1909ರಲ್ಲಿ ವೆಂಕಟಪ್ಪ ಕಲ್ಕತ್ತೆಯ ಸರ್ಕಾರಿ ಕಲಾಶಾಲೆ ಸೇರಿದರು. ಅಲ್ಲಿ ಗುರು ಅವನೀಂದ್ರನಾಥ ಟಾಗೋರ್, ಅಂದರೆ ರವೀಂದ್ರರ ದಾಯಾದಿ ಅಣ್ಣನ ಮಗ ಅಂತ ಪರಿಚಯ ಹೇಳೋದು ವಾಡಿಕೆ. ಆದರೆ ಚಿತ್ರಲೋಕದಲ್ಲಿ ಅವರಿಗೆ ಯಾರ ಪರಿಚಯದ ಹಂಗೂ ಬೇಕಿರಲಿಲ್ಲ. ವಿಲಾಯತಿ ಎಣ್ಣೆಬಣ್ಣದ ಶೈಲಿ ಬಿಟ್ಟು ಅಜಂತಾ, ಮೊಘಲ್, ರಜಪೂತ ಚಿತ್ರಗಳ ಕಡೆ ಶಿಷ್ಯರನ್ನು ತಿರುಗಿಸಿದವರು ಅವರು. ಸಹಪಾಠಿಗಳಲ್ಲಿ ಒಬ್ಬರು ನಂದಲಾಲ್ ಬೋಸ್. ನಮ್ಮ ಸಂವಿಧಾನದ ಮೂಲ ಕೈಬರಹದ ಪ್ರತಿಯ ಪುಟಗಳನ್ನು ಮುಂದೆ ಶಿಷ್ಯರ ಜೊತೆ ಸೇರಿ ಅಲಂಕರಿಸಿದವರು ಅವರೇ.

ಕಲ್ಕತ್ತೆಯ ಆ ದಿನಗಳಲ್ಲೇ ವೆಂಕಟಪ್ಪ ಪುಸ್ತಕಗಳಿಗೆ ಚಿತ್ರ ಬರೆದದ್ದು. ಎರಡು ಪುಸ್ತಕಗಳ ಬಗ್ಗೆ ಇಲ್ಲಿ ಹೇಳಲೇಬೇಕು.

ಮೊದಲನೆಯದು ಸಿಸ್ಟರ್ ನಿವೇದಿತಾ ಶುರುಮಾಡಿದ ಹಿಂದೂ ಮತ್ತು ಬೌದ್ಧ ಪುರಾಣಕಥೆಗಳ ಇಂಗ್ಲಿಷ್ ಪುಸ್ತಕ. 1911ರಲ್ಲಿ ಅವರು ತೀರಿಕೊಂಡ ಮೇಲೆ ಆನಂದ ಕುಮಾರಸ್ವಾಮಿ ಅದನ್ನು ಪೂರ್ತಿ ಮಾಡಿದರು. 1913ರಲ್ಲಿ ಲಂಡನ್ನಿನಲ್ಲಿ ಅಚ್ಚಾಯ್ತು. ಅವನೀಂದ್ರರ ಉಸ್ತುವಾರಿಯಲ್ಲಿ ಅವರ ಬಳಗದವರು ಬರೆದ 32 ಬಣ್ಣದ ಚಿತ್ರಗಳು ಅದರಲ್ಲಿವೆ. ರಾಮಾಯಣದ ಭಾಗದಲ್ಲಿ ನಮ್ಮ ಮೈಸೂರಿನ ಹುಡುಗನದೇ ಜೋರು. ಜಟಾಯುವಿನ ಜೊತೆ ರಾವಣನ ಕಾದಾಟ, ಮಾರೀಚನ ಸಾವು ಇವೆಲ್ಲ ಅವರ ಕುಂಚದವು. ಜಾತ್ರೆ ಫೋಟೊದ ಹೊಳಪು ಇಲ್ಲಿಲ್ಲ. ಬಣ್ಣ ಮೆತ್ತಗೆ, ಗೆರೆ ಮಾತ್ರ ಖಡಕ್ಕು.

ಎರಡನೆಯದು ನಮ್ಮಂಥ ಇಂಜಿನಿಯರಿಂಗ್ ಹುಡುಗರು ನೋಡಲೇಬೇಕಾದದ್ದು. ಭಾರತೀಯ ಶಿಲ್ಪ, ಚಿತ್ರಗಳಲ್ಲಿ ದೇಹವನ್ನು ಹೇಗೆ ರಚಿಸುತ್ತಾರೆ ಅಂತ ಅವನೀಂದ್ರರು ಬರೆದ ಸಣ್ಣ ಪುಸ್ತಕ, 1914ರದು. ಚಿತ್ರಗಳು ನಂದಲಾಲ್ ಮತ್ತು ವೆಂಕಟಪ್ಪ ಅವರವು. ಹುಬ್ಬು ಬೇವಿನೆಲೆ, ಮೂಗು ಎಳ್ಳಿನ ಹೂವು, ಗದ್ದ ಮಾವಿನ ಗೊರಟೆ, ಕೊರಳು ಶಂಖ, ಮಂಡಿಚಿಪ್ಪು ಏಡಿಯ ಬೆನ್ನು. ಕವಿಗಳು ಹೇಳಿದಾಗ ಬರೀ ಹೊಗಳಿಕೆ ಅನಿಸುವ ಹೋಲಿಕೆಗಳು ಇಲ್ಲಿ ಪಕ್ಕಪಕ್ಕ ಗೆರೆಚಿತ್ರಗಳಾಗಿ ಕೂತುಬಿಡುತ್ತವೆ. ಒಂದು ಕಡೆ ಎಲೆ, ಇನ್ನೊಂದು ಕಡೆ ಹುಬ್ಬು. ಡ್ರಾಯಿಂಗ್ ಶೀಟಿನಲ್ಲಿ ನಾವು ಪ್ಲಾನು, ಎಲಿವೇಷನ್ನು ಅಂತ ಬರೆದ ಹಾಗೇ! ಮೊದಲ ಸೆಮ್‌ನಲ್ಲಿ ಗೆರೆ ದಪ್ಪ ಆಯ್ತು ಅಂತ ಮೂರು ಸಲ ಶೀಟು ವಾಪಸ್ ಬಂದವನು ನಾನು. ಆ ಗೆರೆಗಳ ಬೆಲೆ ನನಗೆ ಗೊತ್ತು.

1916ರ ಹೊತ್ತಿಗೆ ಅವರು ಮೈಸೂರಿಗೆ ವಾಪಸ್ಸಾದರು. ಇಷ್ಟು ಹೊತ್ತಿಗೆ ಹೆಸರು ಬಂದಿತ್ತು, ಗುರುವಿನ ಬಲವಿತ್ತು, ಮಹಾರಾಜರ ಆಸರೆ ಇತ್ತು. ಬೇರೆಯವರಾದರೆ ಅಲ್ಲೇ ಗಟ್ಟಿಯಾಗಿ ಕೂರುತ್ತಿದ್ದರು. ಇವರು ವೀಣೆ ಶೇಷಣ್ಣನವರ ಮನೆ ಬಾಗಿಲಿಗೆ ಹೋಗಿ ಶಿಷ್ಯರಾದರು!

ಟೈಂಪಾಸಿಗೆ ಕಲಿತದ್ದಲ್ಲ. ಕುಂಚ ಪಕ್ಕಕ್ಕಿಟ್ಟು ವರ್ಷಗಟ್ಟಲೆ ವೀಣೆ ಸಾಧನೆಗೆ ಬಿದ್ದರು. ದಿನಚರಿ ಬರೆದಿಡುವ, ಗಡಿಯಾರಕ್ಕೆ ತಕ್ಕಂತೆ ಬದುಕುವ ಮನುಷ್ಯ ಅವರು. ಹಿಡಿದದ್ದನ್ನು ಅರ್ಧಕ್ಕೆ ಬಿಡುವ ಜಾಯಮಾನವಲ್ಲ. ಮದುವೆಯನ್ನೂ ಆಗಲಿಲ್ಲ. ಚಿತ್ರ ಬಿಟ್ಟು ವೀಣೆ ಹಿಡಿದದ್ದು ಕಲ್ಕತ್ತೆಯ ಗುರುಗಳಿಗೆ ಹಿಡಿಸಲಿಲ್ಲ ಅನ್ನೋ ಮಾತಿದೆ. ಹಿಡಿಸದಿದ್ದರೆ ಆಶ್ಚರ್ಯವೇನೂ ಇಲ್ಲ. ಸಿವಿಲ್ ಓದ್ತಾ ತಬಲಾ ಕ್ಲಾಸಿಗೆ ಹೋಗ್ತೀನಿ ಅಂದಾಗ ನಮ್ಮ ಮನೆಯಲ್ಲಿ ಆದದ್ದೂ ಅದೇ. ಶೇಷಣ್ಣನವರು 1926ರಲ್ಲಿ ತೀರಿಕೊಂಡರು. ವೀಣೆಯ ಈ ಹುಚ್ಚನ್ನೇ ವಸ್ತುವಾಗಿಟ್ಟುಕೊಂಡು ವೆಂಕಟಪ್ಪ ಒಂದು ಚಿತ್ರವನ್ನೂ ಬರೆದರು. ಎರಡು ದೋಣಿಯಲ್ಲಿ ಕಾಲಿಟ್ಟ ಅಂತ ಜನ ಆಡಿಕೊಳ್ಳುವಾಗ ಆ ದೋಣಿಗಳನ್ನೇ ಚಿತ್ರ ಬರೆದಿಡುವ ಎದೆಗಾರಿಕೆ ಅದು.

ಆಮೇಲಿನ ನೀಲಗಿರಿಯ ಜಲವರ್ಣಗಳನ್ನು ನೋಡಿದರೆ ವೀಣೆಯಿಂದ ಚಿತ್ರಕ್ಕೆ ನಷ್ಟವಾಯ್ತು ಅನ್ನೋಕೆ ನನಗಂತೂ ಬಾಯಿ ಬರಲ್ಲ. ಊಟಿಯ ಬೆಳದಿಂಗಳು, ಸೂರ್ಯೋದಯ, ಮಳೆ, ಕೆರೆ. ಪುರಾಣ ಬರೆದ ಕೈ ಇಲ್ಲಿ ಬರೀ ಮಂಜು, ಬೆಳಕು ಬರೆದಿದೆ. ಮನುಷ್ಯರು ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಕೊಡೈಕೆನಾಲಿನಲ್ಲೂ ಬರೆದರು. ಇದಲ್ಲದೆ ಆನೆದಂತದ ಮೇಲೆ ಪುಟ್ಟ ಭಾವಚಿತ್ರಗಳು, ಪ್ಲಾಸ್ಟರಿನಲ್ಲಿ ಉಬ್ಬುಶಿಲ್ಪಗಳು.

ಉಬ್ಬುಶಿಲ್ಪಗಳಿಂದಲೇ ತಕರಾರು ಹುಟ್ಟಿದ್ದು. ನಾಲ್ವಡಿಯವರು ಅರಮನೆಗಾಗಿ ಈ ಕೆಲಸ ಕೊಟ್ಟಿದ್ದರು. ವೆಂಕಟಪ್ಪನವರದು ನಿಧಾನದ ಕೈ. ತನಗೆ ಒಪ್ಪಿಗೆಯಾಗುವ ತನಕ ಮುಗಿಯಿತು ಅನ್ನುವವರಲ್ಲ. 1940ರಲ್ಲಿ ನಾಲ್ವಡಿಯವರು ತೀರಿಕೊಂಡರು, ಕೆಲಸ ನಿಂತುಹೋಯಿತು. ಹೊಸ ಕಾಲ, ಹೊಸ ಅಧಿಕಾರಿಗಳು. ಮಾಡಿದ ಕೆಲಸಕ್ಕೆ ನ್ಯಾಯವಾದ ಪ್ರತಿಫಲ ಸಿಗಲಿಲ್ಲವೆಂದು ಚಿತ್ರಗಾರರು ಅರಮನೆಯ ಮೇಲೇ ದಾವೆ ಹೂಡಿದರು.

ಅಪ್ಪನ ಕಾಲದಿಂದ ಅನ್ನ ಹಾಕಿದ ಅರಮನೆ, ತನ್ನನ್ನು ಕಲ್ಕತ್ತೆಗೆ ಕಳಿಸಿದ ಅರಮನೆ. ಊರಿನ ಕಣ್ಣಲ್ಲಿ ಇದು ಉಂಡ ಮನೆಗೆ ಎರಡು ಬಗೆದಂತೆ. ವೆಂಕಟಪ್ಪನವರ ಕಣ್ಣಲ್ಲಿ ಕೆಲಸಕ್ಕೆ ಬೆಲೆ ಇದೆ, ಅದು ದೊರೆ ಕೈಯೆತ್ತಿ ಕೊಟ್ಟ ಇನಾಮು ಅಲ್ಲ. ನಾನು ಅವರ ಕಡೆಗೇ. ಕೋರ್ಟಿನಲ್ಲಿ ಮಾತ್ರ ಅವರು ಸೋತರು.

ಮೈಸೂರು ಬಿಟ್ಟು ಬೆಂಗಳೂರಿಗೆ ಬಂದರು. ಹಟ ಕಮ್ಮಿಯಾಗಲಿಲ್ಲ, ಜನರ ಜೊತೆ ಬೆರೆಯೋದು ಕಮ್ಮಿಯಾಯಿತು. ಚಿತ್ರಗಳನ್ನು ಮಾರಾಟಕ್ಕಿಡುವ ಆಸೆ ಅವರಿಗೆ ಮೊದಲಿಂದಲೂ ಇರಲಿಲ್ಲ. ಇದನ್ನ ಅಹಂಕಾರ ಅಂದವರಿದ್ದಾರೆ. ಸ್ವಲ್ಪ ಇತ್ತೋ ಏನೋ. ನಂದಲಾಲರಿಗೆ ಶಾಂತಿನಿಕೇತನದಲ್ಲಿ ಶಿಷ್ಯರ ದಂಡೇ ಬೆಳೆಯಿತು. ಇವರ ಹಿಂದೆ ಅಂಥ ದಂಡು ಬರಲಿಲ್ಲ. ಒಂಟಿಯಾಗಿದ್ದು 1965ರಲ್ಲಿ ತೀರಿಕೊಂಡರು.

ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ, ಮ್ಯೂಸಿಯಂ ಪಕ್ಕ, ಅವರ ಹೆಸರಿನ ವೆಂಕಟಪ್ಪ ಆರ್ಟ್ ಗ್ಯಾಲರಿ 1970ರ ದಶಕದಲ್ಲಿ ಶುರುವಾಯಿತು. 2016ರಲ್ಲಿ ಅದರ ಉಸ್ತುವಾರಿಯನ್ನು ಖಾಸಗಿ ಸಂಸ್ಥೆಗೆ ಒಪ್ಪಿಸುವ ಮಾತು ಬಂದಾಗ ಕಲಾವಿದರು ಬೀದಿಗಿಳಿದಿದ್ದರು. ಬದುಕಿದ್ದಾಗ ಒಬ್ಬರೇ ಕೋರ್ಟು ಮೆಟ್ಟಿಲು ಹತ್ತಿದವರ ಹೆಸರಿಗೆ ಈಗ ಅಷ್ಟು ಜನ ಜೊತೆಯಾಗಿದ್ದರು.

1913ರ ಆ ಪುರಾಣ ಪುಸ್ತಕಕ್ಕೆ ಈಗ ಹಕ್ಕುಸ್ವಾಮ್ಯವಿಲ್ಲ, ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಹಾಸ್ಟೆಲ್ ವೈಫೈ ಕೈಕೊಡದಿದ್ದರೆ ಇವತ್ತೇ ಇಳಿಸಿಕೊಳ್ಳಿ. ಜಟಾಯುವಿನ ಪುಟ ಬಂದಾಗ ಚಿತ್ರದ ಕೆಳಗೆ ಸ್ವಲ್ಪ ಝೂಮ್ ಮಾಡಿ ನೋಡಿ, ಹೆಸರು ಅಲ್ಲಿದೆ.